ನಿವೃತ್ತರ ಪಿಂಚಣಿಗೆ ಕತ್ತರಿ: 214ನೇ ನಿಯಮದ ನೋಟಿಸ್ ಬಂದಾಗ ನೋಡಬೇಕಾದದ್ದೇನು?

ನಿವೃತ್ತರಾಗಿ ಎರಡು ಮೂರು ವರ್ಷ ಕಳೆದ ಮೇಲೆ ಹಳೆಯ ಇಲಾಖೆಯಿಂದ ನೋಂದಾಯಿತ ಅಂಚೆಯಲ್ಲಿ ದೋಷಾರೋಪಣಾ ಪಟ್ಟಿ ಬಂದರೆ, ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಮೂವತ್ತು ವರ್ಷದ ಕಳಂಕರಹಿತ ಸೇವೆಯನ್ನು ವಿವರಿಸಿ, ಕರುಣೆ ತೋರಬೇಕೆಂದು ಕೋರಿ, ನಾಲ್ಕು ಪುಟದ ಮನವಿ ಬರೆಯುವುದು. ಆ ಮನವಿ ಕಡತ ಸೇರುತ್ತದೆಯೇ ಹೊರತು ಪ್ರಕರಣದ ದಿಕ್ಕು ಬದಲಿಸುವುದು ಅಪರೂಪ. ದಿಕ್ಕು ಬದಲಿಸುವುದು ಎರಡು ಸಂಗತಿಗಳು: ಘಟನೆ ನಡೆದ ದಿನಕ್ಕೂ ದೋಷಾರೋಪಣಾ ಪಟ್ಟಿ ಹೊರಟ ದಿನಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದು, ವಿಚಾರಣೆಯ ಕೊನೆಯಲ್ಲಿ ಸಾಬೀತಾಗಿದ್ದು ‘ಗಂಭೀರ’ ದುರ್ನಡತೆಯೇ ಅಥವಾ ಬರೀ ಲೋಪವೇ ಎಂಬುದು. ಈ ಲೇಖನ 2006ರ ಏಪ್ರಿಲ್ 1ಕ್ಕಿಂತ ಮೊದಲು ಸೇವೆಗೆ ಸೇರಿ, ಹಳೆಯ ಪಿಂಚಣಿ ಪದ್ಧತಿಯಡಿ ನಿವೃತ್ತರಾದ ಕರ್ನಾಟಕ ರಾಜ್ಯ ಸರ್ಕಾರಿ ನೌಕರರನ್ನು ಮುಖ್ಯವಾಗಿ ಉದ್ದೇಶಿಸಿದ್ದು. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ಅನ್ವಯಿಸುವ ನಿಯಮಗಳ ತಿರುಳೂ ಬಹುಮಟ್ಟಿಗೆ ಇದೇ.

ಪಿಂಚಣಿ ಯಾರ ಸೊತ್ತು?

ಪಿಂಚಣಿ ಸರ್ಕಾರದ ಔದಾರ್ಯವಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 1971ರಲ್ಲಿ ದೇವಕಿನಂದನ್ ಪ್ರಸಾದ್ ವಿರುದ್ಧ ಬಿಹಾರ ರಾಜ್ಯ ಪ್ರಕರಣದಲ್ಲಿ ಹೇಳಿತು. ನಿಯಮಗಳಡಿ ನೌಕರನಿಗೆ ಹುಟ್ಟುವ ಆ ಹಕ್ಕು ಆಸ್ತಿಯೇ ಎಂದು ಘೋಷಿಸಿತು. 1982ರ ಡಿ.ಎಸ್. ನಾಕರಾ ತೀರ್ಪು ಅದೇ ಮಾತನ್ನು ಇನ್ನಷ್ಟು ವಿಸ್ತರಿಸಿತು. ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ 1978ರ 44ನೇ ತಿದ್ದುಪಡಿಯ ಮೂಲಕ ಹೊರಬಿದ್ದಿತಾದರೂ 300ಎ ವಿಧಿಯಾಗಿ ಸಂವಿಧಾನದಲ್ಲಿ ಉಳಿದುಕೊಂಡಿದೆ: ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ. ಇದರ ಪ್ರಾಯೋಗಿಕ ಅರ್ಥವನ್ನು 2013ರಲ್ಲಿ ಜಾರ್ಖಂಡ್ ರಾಜ್ಯ ವಿರುದ್ಧ ಜಿತೇಂದ್ರ ಕುಮಾರ್ ಶ್ರೀವಾಸ್ತವ ಪ್ರಕರಣ ಬಿಡಿಸಿ ಹೇಳಿತು. ವಿಚಾರಣೆ ಬಾಕಿ ಇರುವಾಗ ಪಿಂಚಣಿ ಮತ್ತು ಉಪದಾನವನ್ನು (ಗ್ರಾಚ್ಯುಟಿ) ತಡೆಹಿಡಿಯಲು ಆ ರಾಜ್ಯದ ಪಿಂಚಣಿ ನಿಯಮದಲ್ಲಿ ಅವಕಾಶವಿರಲಿಲ್ಲ. ಸರ್ಕಾರ ಸುತ್ತೋಲೆಯ ಆಸರೆ ಹಿಡಿದಿತ್ತು. ಸುತ್ತೋಲೆ 300ಎ ವಿಧಿ ಹೇಳುವ ‘ಕಾನೂನು’ ಅಲ್ಲ ಎಂದು ನ್ಯಾಯಾಲಯ ಆ ತಡೆಯನ್ನು ಒಪ್ಪಲಿಲ್ಲ.

ಹಾಗೆಂದು ಈ ತೀರ್ಪನ್ನು ಮುಂದಿಟ್ಟುಕೊಂಡು ಕರ್ನಾಟಕದಲ್ಲಿ ಯಾರ ಪಿಂಚಣಿಯನ್ನೂ ಮುಟ್ಟುವಂತಿಲ್ಲ ಎಂದು ವಾದಿಸಲು ಹೊರಟರೆ ಸೋಲು ಖಚಿತ, ಏಕೆಂದರೆ ಇಲ್ಲಿ ನಿಯಮವಿದೆ. ಅದು ಕರ್ನಾಟಕ ಸರ್ಕಾರಿ ಸೇವಾ ನಿಯಮಾವಳಿಯ, ಎಲ್ಲರ ಬಾಯಲ್ಲಿರುವಂತೆ ಕೆ.ಸಿ.ಎಸ್.ಆರ್.ನ, 214ನೇ ನಿಯಮ. ಇಲಾಖಾ ವಿಚಾರಣೆಯಲ್ಲಾಗಲಿ ನ್ಯಾಯಾಲಯದ ನಡವಳಿಯಲ್ಲಾಗಲಿ, ಸೇವಾವಧಿಯಲ್ಲಿ ಗಂಭೀರ ದುರ್ನಡತೆ ಅಥವಾ ನಿರ್ಲಕ್ಷ್ಯ ಎಸಗಿದ ದೋಷಿ ಎಂದು ಕಂಡುಬಂದರೆ ಪಿಂಚಣಿಯನ್ನು ಪೂರ್ತಿಯಾಗಿ ಅಥವಾ ಭಾಗಶಃ, ಶಾಶ್ವತವಾಗಿ ಅಥವಾ ನಿರ್ದಿಷ್ಟ ಅವಧಿಗೆ ತಡೆಹಿಡಿಯುವ ಇಲ್ಲವೇ ಹಿಂಪಡೆಯುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿದೆ. ಸರ್ಕಾರಕ್ಕಾದ ಹಣಕಾಸಿನ ನಷ್ಟವನ್ನು ಪಿಂಚಣಿಯಿಂದ ವಸೂಲು ಮಾಡುವ ಅಧಿಕಾರವನ್ನೂ ಕೊಟ್ಟಿದೆ. ಆದರೆ ಅಧಿಕಾರ ಕೊಟ್ಟ ಆ ನಿಯಮವೇ ಅದಕ್ಕೆ ಬೇಲಿಯನ್ನೂ ಹಾಕಿದೆ. ಸರ್ಕಾರ ಆ ಬೇಲಿಯೊಳಗೆ ನಿಂತಿದೆಯೇ ಎಂಬುದನ್ನು ಹಂತ ಹಂತವಾಗಿ ಪರಿಶೀಲಿಸುವುದೇ ಪಿಂಚಣಿದಾರರ ಕೆಲಸ.

ಮೊದಲ ಹಂತ: ವಿಚಾರಣೆ ಯಾವಾಗ ಆರಂಭವಾಯಿತು?

ಕೈಗೆ ಬಂದ ಕಾಗದ ಯಾವುದು ಎಂಬುದನ್ನು ಮೊದಲು ಗುರುತಿಸಿರಿ. ವಿವರಣೆ ಕೇಳುವ ಪತ್ರ, ಪ್ರಾಥಮಿಕ ತನಿಖೆಯ ನೋಟಿಸ್, ಲೆಕ್ಕ ಪರಿಶೋಧನೆಯ ಆಕ್ಷೇಪಣೆ, ಲೋಕಾಯುಕ್ತ ಕಚೇರಿಯಿಂದ ಬಂದ ಅಭಿಪ್ರಾಯ ಕೋರಿಕೆ, ಇವು ಯಾವುವೂ ಇಲಾಖಾ ವಿಚಾರಣೆಯ ಆರಂಭವಲ್ಲ. ನಿಯಮದ ಪ್ರಕಾರ ದೋಷಾರೋಪಗಳ ವಿವರಣಾ ಪಟ್ಟಿಯನ್ನು ನೌಕರನಿಗೆ ಅಥವಾ ಪಿಂಚಣಿದಾರನಿಗೆ ಹೊರಡಿಸಿದ ದಿನವೇ ವಿಚಾರಣೆ ಹೂಡಿದ ದಿನ. ಅದಕ್ಕೂ ಮೊದಲೇ ಅಮಾನತಿನಲ್ಲಿಟ್ಟಿದ್ದರೆ ಅಮಾನತಿನ ದಿನ. ಕ್ರಿಮಿನಲ್ ಪ್ರಕರಣವಾದರೆ ದಂಡಾಧಿಕಾರಿಯು ವಿಚಾರಣೆಗೆ ಎತ್ತಿಕೊಳ್ಳುವ ದೂರು ಅಥವಾ ಪೊಲೀಸ್ ವರದಿ ಸಲ್ಲಿಕೆಯಾದ ದಿನ, ಸಿವಿಲ್ ಪ್ರಕರಣವಾದರೆ ದಾವಾಪತ್ರ ಸಲ್ಲಿಸಿದ ದಿನ ಲೆಕ್ಕಕ್ಕೆ ಬರುತ್ತದೆ.

ದೋಷಾರೋಪಣಾ ಪಟ್ಟಿ ಸೇವೆಯಲ್ಲಿದ್ದಾಗಲೇ ಹೊರಟಿದ್ದರೆ ನಿವೃತ್ತಿಯಿಂದ ವಿಚಾರಣೆ ನಿಲ್ಲುವುದಿಲ್ಲ. ನೌಕರ ಸೇವೆಯಲ್ಲಿ ಮುಂದುವರಿದಿದ್ದರೆ ಹೇಗೋ ಹಾಗೆ ಅದು ಮುಂದುವರಿಯುತ್ತದೆ, ಮತ್ತು ಅದನ್ನು 214ನೇ ನಿಯಮದಡಿಯ ನಡವಳಿ ಎಂದೇ ಭಾವಿಸಲಾಗುತ್ತದೆ. ಆದರೆ ಒಂದು ವ್ಯತ್ಯಾಸವುಂಟು. ವಿಚಾರಣೆ ಆರಂಭಿಸಿದ್ದು ಸರ್ಕಾರಕ್ಕಿಂತ ಕೆಳಗಿನ ಪ್ರಾಧಿಕಾರವಾದರೆ, ಉದಾಹರಣೆಗೆ ಜಿಲ್ಲಾ ಮಟ್ಟದ ಅಧಿಕಾರಿಯೋ ಇಲಾಖಾ ಆಯುಕ್ತರೋ ಆಗಿದ್ದರೆ, ಅವರು ತಮ್ಮ ನಿರ್ಣಯಗಳನ್ನು ದಾಖಲಿಸಿ ಸರ್ಕಾರಕ್ಕೆ ವರದಿ ಸಲ್ಲಿಸಬೇಕಷ್ಟೆ. ಪಿಂಚಣಿ ಕಡಿತದ ಆದೇಶವನ್ನು ತಾವೇ ಹೊರಡಿಸುವಂತಿಲ್ಲ. ಹಾಗೆಯೇ ನಿವೃತ್ತರ ಮೇಲೆ ವಜಾ, ಹಿಂಬಡ್ತಿ, ವೇತನ ಬಡ್ತಿ ತಡೆ ಮುಂತಾದ ಸೇವಾವಧಿಯ ದಂಡನೆಗಳನ್ನು ವಿಧಿಸಲು ಬರುವುದಿಲ್ಲ. ಎರಡು ವಾರ್ಷಿಕ ವೇತನ ಬಡ್ತಿಗಳನ್ನು ತಡೆಹಿಡಿಯಲಾಗಿದೆ ಎಂಬ ಆದೇಶ ನಿವೃತ್ತಿಯ ನಂತರ ಕೈಸೇರಿದರೆ, ಸಹಿಯಾದ ದಿನಾಂಕವನ್ನೂ ಕಳುಹಿಸಿದ ದಿನಾಂಕವನ್ನೂ ತಪ್ಪದೆ ಗಮನಿಸಿರಿ.

ಎರಡನೇ ಹಂತ: ನಾಲ್ಕು ವರ್ಷದ ಲೆಕ್ಕ

ನಿವೃತ್ತಿಯ ನಂತರವೇ ಮೊದಲ ಬಾರಿಗೆ ದೋಷಾರೋಪಣಾ ಪಟ್ಟಿ ಬಂದಿದ್ದರೆ ಮೂರು ಷರತ್ತುಗಳು ಪೂರೈಕೆಯಾಗಿರಬೇಕು: ಸರ್ಕಾರದ ಮಂಜೂರಾತಿ ಇರಬೇಕು, ಆರೋಪಕ್ಕೆ ಕಾರಣವಾದ ಘಟನೆ, ವಿಚಾರಣೆ ಹೂಡಿದ ದಿನಕ್ಕಿಂತ ನಾಲ್ಕು ವರ್ಷಕ್ಕೂ ಹಿಂದಿನದಾಗಿರಬಾರದು, ವಜಾ ಮಾಡಬಹುದಾದ ಪ್ರಕರಣಗಳಿಗೆ ಅನ್ವಯಿಸುವ ಪೂರ್ಣ ಪ್ರಮಾಣದ ಕ್ರಮದಲ್ಲಿಯೇ ವಿಚಾರಣೆ ನಡೆಯಬೇಕು. ಎರಡನೆಯದು, ಅಂದರೆ 214(2)(ಬಿ) ಉಪನಿಯಮದ ನಾಲ್ಕು ವರ್ಷದ ಮಿತಿ, ನಿವೃತ್ತರ ಪಾಲಿನ ಅತಿ ದೊಡ್ಡ ರಕ್ಷಣೆ. ಅದನ್ನು ಮೀರಿ ಹೂಡಿದ ವಿಚಾರಣೆಗೆ ಅಡಿಪಾಯವೇ ಇರುವುದಿಲ್ಲ. ಆರೋಪ ಎಷ್ಟೇ ದೊಡ್ಡದಿರಲಿ, ತಡಕ್ಕೆ ಇಲಾಖೆ ಏನೇ ಕಾರಣ ಕೊಡಲಿ, ಮಿತಿಯನ್ನು ಸಡಿಲಿಸುವ ಅಧಿಕಾರವನ್ನು ನಿಯಮ ಯಾರಿಗೂ ಕೊಟ್ಟಿಲ್ಲ.

ಒಂದು ಕಲ್ಪಿತ ಪ್ರಕರಣದಿಂದ ಲೆಕ್ಕ ನೋಡೋಣ. ಕಿರಿಯ ಎಂಜಿನಿಯರ್ ಒಬ್ಬರು 2021ರ ಮೇ 31ರಂದು ನಿವೃತ್ತರಾದರು. 2018ರ ಆಗಸ್ಟ್ 10ರಂದು ಅವರು ಅಳತೆ ಪುಸ್ತಕದಲ್ಲಿ ಹೆಚ್ಚುವರಿ ಅಳತೆ ನಮೂದಿಸಿದರು ಎಂಬುದು ಆರೋಪ. ದೂರು ಬಂದದ್ದು 2019ರಲ್ಲಿ, ತನಿಖಾ ವರದಿ ಸರ್ಕಾರಕ್ಕೆ ತಲುಪಿದ್ದು 2021ರಲ್ಲಿ, ವಿಚಾರಣೆಗೆ ಮಂಜೂರಾತಿ ಆದೇಶವಾದದ್ದು 2022ರ ಜುಲೈನಲ್ಲಿ, ದೋಷಾರೋಪಣಾ ಪಟ್ಟಿ ಹೊರಟದ್ದು 2022ರ ಸೆಪ್ಟೆಂಬರ್ 5ರಂದು. ದೂರಿನ ದಿನ, ವರದಿಯ ದಿನ, ಮಂಜೂರಾತಿಯ ದಿನ ಮೂರೂ ನಾಲ್ಕು ವರ್ಷದೊಳಗಿವೆ; ಆದರೆ ಲೆಕ್ಕಕ್ಕೆ ಬರುವ ಕೊನೆಯ ದಿನಾಂಕ ಮಿತಿಯನ್ನು ಇಪ್ಪತ್ತಾರು ದಿನ ಮೀರಿದೆ. ನಡುವೆ ಅಮಾನತು ಆಗಿರದಿದ್ದರೆ ಈ ವಿಚಾರಣೆ ನಿಲ್ಲಲಾರದು. ಕಡತವೊಂದು ಮೇಜಿನಿಂದ ಮೇಜಿಗೆ ಎಷ್ಟು ನಿಧಾನವಾಗಿ ಸಾಗುತ್ತದೆ ಎಂಬುದನ್ನು ಬಲ್ಲವರಿಗೆ ಇಂಥ ಇಪ್ಪತ್ತಾರು ದಿನಗಳು ಹೇಗೆ ಹುಟ್ಟಿಕೊಳ್ಳುತ್ತವೆ ಎಂದು ವಿವರಿಸಬೇಕಾಗಿಲ್ಲ.

ಆರೋಪಗಳು ಹಲವು ಇದ್ದರೆ ಪ್ರತಿಯೊಂದಕ್ಕೂ ಪ್ರತ್ಯೇಕ ಲೆಕ್ಕ ಹಾಕಿರಿ. ಕೆಲವು ಬಿಲ್ಲುಗಳು ಮಿತಿಯಾಚೆಗೂ ಕೆಲವು ಮಿತಿಯೊಳಗೂ ಬೀಳಬಹುದು. ಆಗ ಮಿತಿಯಾಚೆಗಿನ ಆರೋಪಗಳನ್ನು ಕೈಬಿಡಬೇಕೆಂದು ಕೇಳಬಹುದೇ ಹೊರತು ಇಡೀ ಪಟ್ಟಿ ಬಿದ್ದುಹೋಯಿತೆಂದು ತಿಳಿಯಬಾರದು. ದೋಷಾರೋಪದಲ್ಲಿ ಘಟನೆಯ ದಿನಾಂಕವೇ ಇಲ್ಲದೆ ‘ತಾವು ಕರ್ತವ್ಯದಲ್ಲಿದ್ದ ಅವಧಿಯಲ್ಲಿ’ ಎಂದಷ್ಟೇ ಬರೆದಿದ್ದರೆ, ಖಚಿತ ದಿನಾಂಕ ಒದಗಿಸುವಂತೆ ಮೊದಲು ಲಿಖಿತವಾಗಿ ಕೇಳಿರಿ.

ಇನ್ನೊಂದು ಎಚ್ಚರಿಕೆ ಅಗತ್ಯ. ಈ ನಾಲ್ಕು ವರ್ಷದ ಮಿತಿ ಕ್ರಿಮಿನಲ್ ಮೊಕದ್ದಮೆಯಿಂದ ರಕ್ಷಣೆಯಲ್ಲ. ಪಂಜಾಬಿನ ಇಂಥದೇ ನಿಯಮವನ್ನು ಕುರಿತು ಪಂಜಾಬ್ ರಾಜ್ಯ ವಿರುದ್ಧ ಕೈಲಾಶ್ ನಾಥ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಪಿಂಚಣಿ ನಿಯಮದ ಮಿತಿ ಪಿಂಚಣಿಯ ಮೇಲಿನ ಕ್ರಮಕ್ಕೆ ಸೀಮಿತವೇ ಹೊರತು ಅಪರಾಧಕ್ಕಾಗಿ ಮೊಕದ್ದಮೆ ಹೂಡುವುದನ್ನು ತಡೆಯುವುದಿಲ್ಲ ಎಂದು ಸ್ಪಷ್ಟಪಡಿಸಿದೆ.

ಮೂರನೇ ಹಂತ: ಮಂಜೂರಾತಿ ಆದೇಶದ ಪ್ರತಿ

ವಿಚಾರಣೆಗೆ ಮಂಜೂರಾತಿ ನೀಡಿದ ಸರ್ಕಾರಿ ಆದೇಶದ ಪ್ರತಿಯನ್ನು ಕೇಳಿ ಪಡೆಯಿರಿ. ಆದೇಶ ದೋಷಾರೋಪಣಾ ಪಟ್ಟಿಗಿಂತ ಮೊದಲೇ ಆಗಿದೆಯೇ, ಅದರಲ್ಲಿ 214ನೇ ನಿಯಮದ ಉಲ್ಲೇಖವಿದೆಯೇ, ನಿವೃತ್ತರಾದ ಸಂಗತಿಯನ್ನು ಗಮನಿಸಲಾಗಿದೆಯೇ ಎಂದು ನೋಡಿರಿ. ಲೋಕಾಯುಕ್ತ ಅಥವಾ ಉಪಲೋಕಾಯುಕ್ತರಿಗೆ 1957ರ ಸಿ.ಸಿ.ಎ. (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ 14-ಎ ಅಡಿಯಲ್ಲಿ ವಿಚಾರಣೆ ವಹಿಸಿದ ಪ್ರಕರಣಗಳಲ್ಲಿ ಇದನ್ನು ವಿಶೇಷವಾಗಿ ಪರಿಶೀಲಿಸಬೇಕು, ಏಕೆಂದರೆ ಸೇವೆಯಲ್ಲಿರುವವರಿಗೆಂದು ಸಿದ್ಧಪಡಿಸಿದ ವಾಕ್ಯಗಳೇ ನಿವೃತ್ತರ ಆದೇಶದಲ್ಲೂ ನಕಲಾಗಿ ಬಂದುಬಿಡಬಹುದು. ಪ್ರತಿ ಸಿಗದಿದ್ದರೆ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಕಥೆ ಬೇಡ, ಆದೇಶದ ಪ್ರತಿ ಮತ್ತು ಟಿಪ್ಪಣಿ ಹಾಳೆಗಳ ಪ್ರತಿ ಎಂದಷ್ಟೇ ಕೇಳಿದರೆ ಸಾಕು.

ನಾಲ್ಕನೇ ಹಂತ: ವಿಚಾರಣೆ ನಡೆಯುವಾಗ ಕೈಗೆ ಸಿಗಬೇಕಾದದ್ದು

ವಿಚಾರಣೆ ಬಾಕಿ ಇದೆ ಎಂಬ ಕಾರಣಕ್ಕೆ ತಿಂಗಳ ಆದಾಯವನ್ನೇ ನಿಲ್ಲಿಸುವಂತಿಲ್ಲ. 214-ಎ ನಿಯಮದಡಿ ತಾತ್ಕಾಲಿಕ ಪಿಂಚಣಿ ಮಂಜೂರಾಗಬೇಕು. ನಿವೃತ್ತಿಯ ದಿನದವರೆಗಿನ ಅರ್ಹತಾದಾಯಕ ಸೇವೆಯನ್ನು ಆಧರಿಸಿ ಅದನ್ನು ಲೆಕ್ಕ ಹಾಕಲಾಗುತ್ತದೆ. ತಡೆಯಾಗುವುದು ಮರಣ ಮತ್ತು ನಿವೃತ್ತಿ ಉಪದಾನ. ಅಂತಿಮ ಆದೇಶ ಹೊರಬೀಳುವವರೆಗೆ ಅದು ಬಿಡುಗಡೆಯಾಗುವುದಿಲ್ಲ, ಪಿಂಚಣಿಯ ಒಂದು ಭಾಗವನ್ನು ಇಡಿಗಂಟಾಗಿ ಪಡೆಯುವ ಪಿಂಚಣಿ ಪರಿವರ್ತನೆಯೂ ಕಾಯಬೇಕಾಗುತ್ತದೆ. ನಿವೃತ್ತಿಯ ದಿನ ದೋಷಾರೋಪಣಾ ಪಟ್ಟಿಯೂ ಇಲ್ಲದೆ, ಅಮಾನತೂ ಇಲ್ಲದೆ, ಕೇವಲ ‘ವಿಚಾರಣೆ ಉದ್ದೇಶಿಸಲಾಗಿದೆ’ ಎಂಬ ನೆಪದಲ್ಲಿ ಪಿಂಚಣಿ ಕಾಗದಪತ್ರಗಳನ್ನು ಮಹಾಲೇಖಪಾಲರಿಗೆ (ಅಕೌಂಟೆಂಟ್ ಜನರಲ್) ಕಳುಹಿಸದೆ ಉಳಿಸಿಕೊಂಡರೆ ಅದಕ್ಕೆ ನಿಯಮದ ಬೆಂಬಲವಿಲ್ಲ. ಈ ಬಗ್ಗೆ ಕಚೇರಿಯಿಂದ ಲಿಖಿತ ಹಿಂಬರಹ ಕೇಳಿರಿ. ಬಾಯಿಮಾತಿನ ಉತ್ತರ ಮುಂದೆ ಯಾವ ನ್ಯಾಯಮಂಡಳಿಯಲ್ಲೂ ಉಪಯೋಗಕ್ಕೆ ಬರುವುದಿಲ್ಲ.

ಐದನೇ ಹಂತ: ‘ಗಂಭೀರ’ ಎಂಬ ಪದ ವರದಿಯಲ್ಲಿದೆಯೇ?

ವಿಚಾರಣಾಧಿಕಾರಿಯ ವರದಿಯಲ್ಲಿ ಆರೋಪ ಸಾಬೀತಾಗಿದೆ ಎಂದು ಬರೆದ ಮಾತ್ರಕ್ಕೆ ಪಿಂಚಣಿ ಕಡಿತದ ಬಾಗಿಲು ತೆರೆಯುವುದಿಲ್ಲ. ಸಾಬೀತಾದದ್ದು ಗಂಭೀರ ದುರ್ನಡತೆಯ ಅಥವಾ ನಿರ್ಲಕ್ಷ್ಯದ ಮಟ್ಟಕ್ಕೆ ಏರಿದೆ ಎಂಬ ನಿರ್ಣಯ ದಾಖಲೆಯಲ್ಲಿರಬೇಕು. ಇದಕ್ಕೆ ಆಧಾರ 1990ರ ಡಿ.ವಿ. ಕಪೂರ್ ವಿರುದ್ಧ ಭಾರತ ಒಕ್ಕೂಟ ತೀರ್ಪು. ಲಂಡನ್ನಿನ ಭಾರತೀಯ ಹೈಕಮಿಷನ್ ಕಚೇರಿಯಲ್ಲಿದ್ದ ಕಪೂರ್ ಅವರನ್ನು ದೆಹಲಿಗೆ ವರ್ಗಾಯಿಸಲಾಯಿತು. ಪತ್ನಿಯ ಅನಾರೋಗ್ಯದ ಕಾರಣ ಅವರು ಬಂದು ಕರ್ತವ್ಯಕ್ಕೆ ಹಾಜರಾಗಲಿಲ್ಲ. ಅನಧಿಕೃತ ಗೈರುಹಾಜರಿಯ ಆರೋಪದ ವಿಚಾರಣೆ ನಿವೃತ್ತಿಯ ನಂತರವೂ ಮುಂದುವರಿದು, ಕೊನೆಗೆ ಅವರ ಪಿಂಚಣಿ ಮತ್ತು ಉಪದಾನವನ್ನು ಪೂರ್ತಿಯಾಗಿ, ಶಾಶ್ವತವಾಗಿ ತಡೆಹಿಡಿಯಲಾಯಿತು. ಗೈರುಹಾಜರಿ ನಿಜವಾದರೂ ಅದು ಉದ್ದೇಶಪೂರ್ವಕವಾದದ್ದೆಂದು ಹೇಳಲಾಗದು ಎಂಬುದು ವಿಚಾರಣಾಧಿಕಾರಿಯದೇ ನಿರ್ಣಯವಾಗಿತ್ತು. ಗಂಭೀರ ದುರ್ನಡತೆ ಎಂಬ ನಿರ್ಣಯವಿಲ್ಲದೆ ಪಿಂಚಣಿ ಮುಟ್ಟುವ ಅಧಿಕಾರವೇ ಹುಟ್ಟುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಆದೇಶವನ್ನು ರದ್ದುಪಡಿಸಿತು. ಅಂದಿನ ಕೇಂದ್ರ ನಿಯಮ ಪಿಂಚಣಿಯ ಬಗ್ಗೆ ಮಾತ್ರ ಹೇಳುತ್ತಿದ್ದುದರಿಂದ ಉಪದಾನವನ್ನು ತಡೆದದ್ದು ಅಧಿಕಾರವ್ಯಾಪ್ತಿ ಮೀರಿದ ಕ್ರಮ ಎಂದೂ ಹೇಳಿತು.

ಆದ್ದರಿಂದ ವರದಿ ಕೈಗೆ ಬಂದೊಡನೆ ಅದನ್ನು ಕೊನೆಯ ಪುಟದಿಂದ ಓದಲು ಆರಂಭಿಸಿರಿ. ‘ಕರ್ತವ್ಯಲೋಪ’, ‘ಮೇಲ್ವಿಚಾರಣೆಯ ಕೊರತೆ’, ‘ಕಾರ್ಯವಿಧಾನದ ಲೋಪ’ ಎಂಬ ಮಾತುಗಳಷ್ಟೇ ಇದ್ದು, ದುರುದ್ದೇಶದ ಬಗ್ಗೆಯಾಗಲಿ ಸರ್ಕಾರಕ್ಕೆ ನಷ್ಟವಾದ ಬಗ್ಗೆಯಾಗಲಿ ನಿರ್ಣಯವಿಲ್ಲದಿದ್ದರೆ, ಉತ್ತರದ ಮೊದಲ ಪ್ಯಾರಾದಲ್ಲೇ ಅದನ್ನು ಎತ್ತಿ ಹೇಳಬೇಕು. ಆದರೆ ಸರ್ಕಾರಕ್ಕೆ ನಷ್ಟವಾಗಿಲ್ಲ ಎಂಬ ಒಂದೇ ವಾದವನ್ನು ನಂಬಿ ಕೂರಬಾರದು. 1998ರ ಭಾರತ ಒಕ್ಕೂಟ ವಿರುದ್ಧ ಬಿ. ದೇವ್ ತೀರ್ಪಿನ ಪ್ರಕಾರ, ಪಿಂಚಣಿ ತಡೆಹಿಡಿಯುವ ಅಧಿಕಾರ ಹಣಕಾಸಿನ ನಷ್ಟವಾದ ಪ್ರಕರಣಗಳಿಗೆ ಮಾತ್ರ ಸೀಮಿತವಲ್ಲ. ನಷ್ಟವಿಲ್ಲದೆಯೂ ದುರ್ನಡತೆ ಗಂಭೀರವಾಗಿರಬಹುದು.

ಆರನೇ ಹಂತ: ಎರಡನೇ ಕಾರಣ ಕೇಳುವ ನೋಟಿಸಿಗೆ ಉತ್ತರ

1993ರ ಇ.ಸಿ.ಐ.ಎಲ್. ವಿರುದ್ಧ ಬಿ. ಕರುಣಾಕರ್ ತೀರ್ಪಿನ ನಂತರ ವಿಚಾರಣಾ ವರದಿಯ ಪ್ರತಿ ಕೊಟ್ಟು, ಅದರ ಮೇಲೆ ಹೇಳಿಕೆ ಸಲ್ಲಿಸಲು ಅವಕಾಶ ನೀಡುವುದು ಕಡ್ಡಾಯ. ಆ ಅವಕಾಶ ನೀಡುವ ಪತ್ರವೇ ಎರಡನೇ ಕಾರಣ ಕೇಳುವ ನೋಟಿಸ್. ಪ್ರತಿ ಕೊಡಲಿಲ್ಲ ಎಂದ ಮಾತ್ರಕ್ಕೆ ಆದೇಶ ತಾನಾಗಿ ಬೀಳುವುದಿಲ್ಲ; ಅದರಿಂದ ಪ್ರತಿವಾದಕ್ಕೆ ಹಾನಿಯಾಯಿತು ಎಂದು ತೋರಿಸಬೇಕು ಎಂದೂ ಅದೇ ತೀರ್ಪು ಹೇಳಿದೆ. ಆದುದರಿಂದ ವರದಿಯ ಯಾವ ಪುಟದ ಯಾವ ನಿರ್ಣಯಕ್ಕೆ ನಿಮ್ಮ ಉತ್ತರವೇನಿತ್ತು ಎಂಬುದನ್ನು ನಿರ್ದಿಷ್ಟವಾಗಿ ಬರೆಯಿರಿ.

ಉತ್ತರದಲ್ಲಿ ದಿನಾಂಕದ ಮಿತಿ, ಮಂಜೂರಾತಿಯ ದೋಷ, ಸಾಕ್ಷ್ಯದ ಕೊರತೆ, ಗಂಭೀರತೆಯ ನಿರ್ಣಯವಿಲ್ಲದಿರುವುದು, ಕೊನೆಗೆ ದಂಡನೆಯ ಪ್ರಮಾಣ, ಈ ಕ್ರಮವೇ ಸೂಕ್ತ. ದಾಖಲೆಯನ್ನು ಕಡತದಲ್ಲಿ ಇಟ್ಟ ಮಾತ್ರಕ್ಕೆ ಅದು ಸಾಬೀತಾಗುವುದಿಲ್ಲ, ಅದನ್ನು ಸಾಕ್ಷಿಯ ಮೂಲಕ ರುಜುವಾತುಪಡಿಸಬೇಕು ಎಂಬುದನ್ನು 2008ರ ರೂಪ್ ಸಿಂಗ್ ನೇಗಿ ತೀರ್ಪು ಬ್ಯಾಂಕ್ ನೌಕರರೊಬ್ಬರ ಪ್ರಕರಣದಲ್ಲಿ ವಿವರಿಸಿದೆ. ದಂಡನೆಯ ಪ್ರಮಾಣದ ಬಗ್ಗೆ ಬರೆಯುವಾಗ ಮಾತ್ರ ಸೇವಾ ದಾಖಲೆ, ಆರೋಗ್ಯ, ಕುಟುಂಬದ ಪರಿಸ್ಥಿತಿ ಇವುಗಳಿಗೆ ಜಾಗವಿದೆ. ಅಲ್ಲಿಯೂ ಒಂದು ಪ್ಯಾರಾ ಸಾಕು.

ಲೋಕಾಯುಕ್ತ ಸಂಸ್ಥೆಯ ವಿಚಾರಣೆಗಳಲ್ಲಿ ಶೇಕಡಾ ಇಂತಿಷ್ಟು ಪಿಂಚಣಿಯನ್ನು ಇಂತಿಷ್ಟು ವರ್ಷ ತಡೆಹಿಡಿಯಬೇಕೆಂಬ ಶಿಫಾರಸು ವರದಿಯ ಜೊತೆಗೇ ಬರುತ್ತದೆ. ಅದು ಶಿಫಾರಸು, ತೀರ್ಪಲ್ಲ. ನಿಮ್ಮ ಉತ್ತರವನ್ನು ಪರಿಶೀಲಿಸಿ ಸರ್ಕಾರವೇ ಸ್ವಂತ ವಿವೇಚನೆಯಿಂದ ತೀರ್ಮಾನಿಸಬೇಕು. ‘ಆಪಾದಿತರ ಉತ್ತರ ಸಮಾಧಾನಕರವಾಗಿಲ್ಲ’ ಎಂಬ ಒಂದೇ ಸಾಲಿನಲ್ಲಿ ಮುಗಿಸಿದ ಆದೇಶ ನ್ಯಾಯಮಂಡಳಿಯ ಮುಂದೆ ದುರ್ಬಲವಾಗಿಯೇ ನಿಲ್ಲುತ್ತದೆ.

ಏಳನೇ ಹಂತ: ಕಡಿತ ಬೇರೆ, ವಸೂಲಿ ಬೇರೆ

ಅಂತಿಮ ಆದೇಶ ಬಂದಾಗ ಅದು ಪಿಂಚಣಿ ತಡೆಹಿಡಿಯುವ ಆದೇಶವೇ ಅಥವಾ ನಷ್ಟದ ವಸೂಲಿಯೇ ಎಂದು ಪ್ರತ್ಯೇಕಿಸಿರಿ. ಪಿಂಚಣಿಯನ್ನು ತಡೆಯದೆ ನಷ್ಟವನ್ನಷ್ಟೇ ಅದರಿಂದ ವಸೂಲು ಮಾಡುವುದಾದರೆ, ತಿಂಗಳ ಕಂತು ನಿವೃತ್ತಿಯ ದಿನದ ಪಿಂಚಣಿಯ ಮೂರನೇ ಒಂದು ಭಾಗವನ್ನು ಸಾಮಾನ್ಯವಾಗಿ ಮೀರಬಾರದು. 30,000 ರೂಪಾಯಿ ಪಿಂಚಣಿಗೆ 10,000 ರೂಪಾಯಿ. ನಷ್ಟದ ಮೊತ್ತವನ್ನು ಹೇಗೆ ಲೆಕ್ಕ ಹಾಕಿದರು, ಹಲವರು ಹೊಣೆಗಾರರಾಗಿದ್ದರೆ ನಿಮ್ಮ ಪಾಲು ಎಷ್ಟು ಎಂಬುದು ಆದೇಶದಲ್ಲಿರಬೇಕು. ಅವಧಿಯನ್ನೂ ಗಮನಿಸಿರಿ: ‘ಐದು ವರ್ಷ’ ಎಂದಿದ್ದರೆ ಐದು ವರ್ಷ ಕಳೆದ ತಿಂಗಳೇ ಪೂರ್ಣ ಪಿಂಚಣಿ ಮರಳಬೇಕು, ಆದರೆ ಖಜಾನೆಯಾಗಲಿ ಬ್ಯಾಂಕಾಗಲಿ ತಾನಾಗಿ ನೆನಪಿಟ್ಟುಕೊಳ್ಳುತ್ತದೆ ಎಂದು ನಂಬಿ ಕೂರಬೇಡಿರಿ.

ತಪ್ಪು ವೇತನ ನಿಗದಿಯಿಂದ ಹೆಚ್ಚುವರಿಯಾಗಿ ಪಾವತಿಯಾದ ಹಣದ ವಸೂಲಿ ಇದಕ್ಕಿಂತ ಬೇರೆಯೇ ವಿಷಯ. ನೌಕರನ ವಂಚನೆಯೋ ತಪ್ಪು ಮಾಹಿತಿಯೋ ಇಲ್ಲದಿದ್ದಾಗ ಅಂಥ ಹಣವನ್ನು ನಿವೃತ್ತರಿಂದ ಮರುವಸೂಲು ಮಾಡಬಾರದೆಂದು 2014ರ ಪಂಜಾಬ್ ರಾಜ್ಯ ವಿರುದ್ಧ ರಫೀಕ್ ಮಸೀಹ್ ತೀರ್ಪು ಹೇಳಿದೆ. ಇದನ್ನು ದುರ್ನಡತೆಯ ಪ್ರಕರಣದಲ್ಲಿ ಉಲ್ಲೇಖಿಸಿ ಪ್ರಯೋಜನವಿಲ್ಲ.

ಕ್ರಿಮಿನಲ್ ಪ್ರಕರಣದಲ್ಲಿ ಶಿಕ್ಷೆಯಾದರೆ ಸ್ಥಿತಿ ಕಠಿಣವಾಗುತ್ತದೆ. ಮೇಲ್ಮನವಿಯಲ್ಲಿ ಶಿಕ್ಷೆಯ ಜಾರಿಗೆ ತಡೆ ಸಿಕ್ಕಿದರೂ ದೋಷಿ ಎಂಬ ನಿರ್ಣಯ ಹಾಗೆಯೇ ಉಳಿಯುವುದರಿಂದ, ಪಿಂಚಣಿಯ ಮೇಲಿನ ಕ್ರಮ ಅಷ್ಟರಿಂದ ನಿಲ್ಲುವುದಿಲ್ಲ. ಮೇಲ್ಮನವಿಯಲ್ಲಿ ಖುಲಾಸೆಯಾದ ದಿನವೇ ತೀರ್ಪಿನ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ, ಪಿಂಚಣಿ ಪುನಃಸ್ಥಾಪನೆಗೆ ಮನವಿ ಕೊಡಿರಿ.

ಎಂಟನೇ ಹಂತ: ನ್ಯಾಯಮಂಡಳಿ

ಸರ್ಕಾರದ ಅಂತಿಮ ಆದೇಶವನ್ನು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯಲ್ಲಿ ಪ್ರಶ್ನಿಸಬೇಕು. ಬೆಂಗಳೂರಿನ ಜೊತೆಗೆ ಬೆಳಗಾವಿ ಮತ್ತು ಕಲಬುರಗಿಗಳಲ್ಲೂ ಪೀಠಗಳಿವೆ. ಆಡಳಿತ ನ್ಯಾಯಮಂಡಳಿಗಳ ಅಧಿನಿಯಮ 1985ರ 21ನೇ ಪ್ರಕರಣದಂತೆ ಅಂತಿಮ ಆದೇಶದ ದಿನದಿಂದ ಒಂದು ವರ್ಷ ಗಡುವು. ಮೇಲ್ಮನವಿ ಅಥವಾ ಮನವಿ ಸಲ್ಲಿಸಿ ಆರು ತಿಂಗಳಾದರೂ ಆದೇಶ ಬಾರದಿದ್ದರೆ, ಆ ಆರು ತಿಂಗಳು ಮುಗಿದ ಮೇಲಿನ ಒಂದು ವರ್ಷ. ಮತ್ತೆ ಮತ್ತೆ ಮನವಿ ಕೊಡುತ್ತಾ ಹೋದರೆ ಗಡುವು ಬೆಳೆಯುವುದಿಲ್ಲ. ಪಿಂಚಣಿದಾರರು ಹೆಚ್ಚಾಗಿ ಎಡವುವುದು ಇಲ್ಲಿಯೇ. ನಾಲ್ಕು ವರ್ಷದ ಮಿತಿ ಎದ್ದುಕಾಣುವಂತೆ ಮೀರಿದ್ದರೆ ಅಂತಿಮ ಆದೇಶಕ್ಕೆ ಕಾಯದೆ ದೋಷಾರೋಪಣಾ ಪಟ್ಟಿಯನ್ನೇ ಪ್ರಶ್ನಿಸಬಹುದು. ಉಳಿದ ತಕರಾರುಗಳಿಗೆ, ಅಂದರೆ ಸಾಕ್ಷ್ಯ ಸಾಲದು, ಆರೋಪ ಸುಳ್ಳು ಎಂಬಂಥವಕ್ಕೆ, ಆ ಹಂತದಲ್ಲಿ ನ್ಯಾಯಮಂಡಳಿ ಸಾಮಾನ್ಯವಾಗಿ ಕೈಹಾಕುವುದಿಲ್ಲ. ನ್ಯಾಯಮಂಡಳಿಯ ಆದೇಶದ ವಿರುದ್ಧ, 1997ರ ಎಲ್. ಚಂದ್ರಕುಮಾರ್ ತೀರ್ಪಿನಂತೆ, ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠಕ್ಕೆ ಹೋಗಬಹುದು. ನಿಗಮ ಮಂಡಳಿಗಳ ನೌಕರರು ಮೊದಲು ತಮ್ಮ ಸಂಸ್ಥೆಯ ನಿಯಮದಲ್ಲಿ ನಿವೃತ್ತಿಯ ನಂತರ ವಿಚಾರಣೆ ಮುಂದುವರಿಸುವ ಅವಕಾಶವೇ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ನಿವೃತ್ತಿಯೊಂದಿಗೇ ವಿಚಾರಣೆ ಕೊನೆಗೊಳ್ಳುತ್ತದೆ ಎಂದು 1999ರಲ್ಲಿ ಒಡಿಶಾದ ಹಣಕಾಸು ನಿಗಮವೊಂದರ ನೌಕರ ಭಾಗೀರಥಿ ಜೇನಾ ಅವರ ಪ್ರಕರಣದಲ್ಲಿ ತೀರ್ಮಾನವಾಗಿದೆ.

ಕುಟುಂಬದವರು ತಿಳಿದಿರಬೇಕಾದದ್ದು

ವಿಚಾರಣೆ ಮುಗಿಯುವ ಮೊದಲೇ ಪಿಂಚಣಿದಾರರು ತೀರಿಕೊಂಡರೆ ಆರೋಪ ಸಾಬೀತಾಗದೆ ಉಳಿಯುತ್ತದೆ, ಮತ್ತು ಸತ್ತವರ ವಿರುದ್ಧ ವಿಚಾರಣೆ ಮುಂದುವರಿಸಲು ಬರುವುದಿಲ್ಲ. ಕೇಂದ್ರ ಸರ್ಕಾರವು 1999ರ ಅಕ್ಟೋಬರ್ 20ರ ಜ್ಞಾಪನದಲ್ಲಿ ಇಂಥ ವಿಚಾರಣೆಗಳನ್ನು ಮುಕ್ತಾಯಗೊಳಿಸಬೇಕೆಂದು ತನ್ನ ಇಲಾಖೆಗಳಿಗೆ ಸ್ಪಷ್ಟವಾಗಿ ತಿಳಿಸಿದೆ. ಆದರೆ ತಡೆಯಾಗಿದ್ದ ಉಪದಾನ ಬಿಡುಗಡೆಯಾಗಬೇಕಾದರೆ ವಿಚಾರಣೆ ಕೈಬಿಟ್ಟ ಆದೇಶದ ಪ್ರತಿ ಮಹಾಲೇಖಪಾಲರ ಕಚೇರಿ ಸೇರಬೇಕು. ಆದ್ದರಿಂದ ಪತ್ನಿ ಅಥವಾ ಮಕ್ಕಳು ಮರಣ ಪ್ರಮಾಣಪತ್ರ, ದೋಷಾರೋಪಣಾ ಪಟ್ಟಿಯ ಪ್ರತಿ ಮತ್ತು ಪಿಂಚಣಿ ಪಾವತಿ ಆದೇಶದ ಪ್ರತಿ ಲಗತ್ತಿಸಿ, ವಿಚಾರಣೆಯನ್ನು ಕೈಬಿಟ್ಟು ಆದೇಶ ಹೊರಡಿಸುವಂತೆ ಸಂಬಂಧಿಸಿದ ಇಲಾಖೆಯ ಕಾರ್ಯದರ್ಶಿಗೆ ಬರೆಯಬೇಕು. ಅದರ ಒಂದು ಪ್ರತಿಯನ್ನು ಮಹಾಲೇಖಪಾಲರಿಗೂ ಕಳುಹಿಸಿ, ಎರಡಕ್ಕೂ ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು.